ನಿಕಾಲಿ ಕುಸ್ತಿಯ ಮೊದಲ ನಿಮಿಷ

ನಿಕಾಲಿ ಕುಸ್ತಿ ಎಂದರೆ ತೀರ್ಮಾನವಾಗುವವರೆಗೆ ಹಿಡಿಯುವ ಕುಸ್ತಿ. ಎರಡೂ ಭುಜ ಮಣ್ಣಿಗೆ ತಾಗಿ ಚಿತ್ ಆದವನು ಸೋತ. ಇದರಲ್ಲಿ ಅಂಕಗಳಿಲ್ಲ, ಸುತ್ತುಗಳಿಲ್ಲ, ಕಳೆದುಕೊಂಡದ್ದನ್ನು ಮುಂದಿನ ಸುತ್ತಿನಲ್ಲಿ ತುಂಬಿಕೊಳ್ಳುವ ದಾರಿಯೂ ಇಲ್ಲ. ಬೆಳಗಾವಿ, ಬಾಗಲಕೋಟೆ, ಧಾರವಾಡ ಸೀಮೆಯ ಜಾತ್ರೆಗಳಲ್ಲಿ ‘ಜಂಗಿ ನಿಕಾಲಿ ಕುಸ್ತಿ’ ಎಂದು ಗೋಡೆಗೆ ಅಂಟಿಸುವ ಭಿತ್ತಿಪತ್ರ ಸಾರುವುದು ಇದನ್ನೇ. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯ ಕಡೆಯ ಹುಡುಗ ಕುಸ್ತಿ ಎಂದು ಮೊದಲು ನೋಡುವುದೂ ಇದನ್ನೇ. ಮ್ಯಾಟ್ ಮೇಲಿನ ಕುಸ್ತಿ ಅವನಿಗೆ ಎದುರಾಗುವುದು ಆಮೇಲೆ, ಶಾಲೆಯ ಕ್ರೀಡಾಕೂಟದಲ್ಲಿ.

ಮ್ಯಾಟ್ ಕುಸ್ತಿಯ ಲೆಕ್ಕ ಬೇರೆ. ಮೂರು ಮೂರು ನಿಮಿಷಗಳ ಎರಡು ಅವಧಿ, ನಡುವೆ 30 ಸೆಕೆಂಡ್ ವಿರಾಮ. ಎದುರಾಳಿಯನ್ನು ಕೆಳಕ್ಕೆ ತಂದು ಹಿಡಿತಕ್ಕೆ ತೆಗೆದುಕೊಂಡರೆ 2 ಅಂಕ, ವೃತ್ತದ ಹೊರಗೆ ದಬ್ಬಿದರೆ 1. ಫ್ರೀಸ್ಟೈಲ್‌ನಲ್ಲಿ 10, ಗ್ರೀಕೋ-ರೋಮನ್‌ನಲ್ಲಿ 8 ಅಂಕಗಳ ಅಂತರ ಬಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಅಲ್ಲಿ ಕಾದು, ಕೂಡಿಟ್ಟು, ಉಳಿಸಿಕೊಂಡು ಗೆಲ್ಲಬಹುದು. ನಿಕಾಲಿಯಲ್ಲಿ ಕೂಡಿಡಲು ಏನೂ ಇಲ್ಲದ್ದರಿಂದ ಕೈ ಕೊಟ್ಟ ಕ್ಷಣದಲ್ಲೇ ನುಗ್ಗಿ ಮುಗಿಸಿಬಿಡುವ ಆಸೆ ಹುಟ್ಟುತ್ತದೆ. ಹಲಗಿಯ ಬಡಿತ, ಸುತ್ತ ಕೂತವರ ಕೇಕೆ, ಮೈಕಿನಲ್ಲಿ ಕೂಗುವ ಇನಾಮು ಆ ಆಸೆಯನ್ನು ಇನ್ನಷ್ಟು ಕೆರಳಿಸುತ್ತವೆ. ನುಗ್ಗುವ ಪೈಲವಾನನಿಗೆ ಜನ ಶಿಳ್ಳೆ ಹೊಡೆಯುತ್ತಾರೆ. ಅವನ ಕುತ್ತಿಗೆಯ ಗತಿ ಏನೆಂದು ಕೇಳುವವರು ಗರಡಿಯ ಗುರುಗಳಾದ ವಸ್ತಾದರು ಮಾತ್ರ.

ನುಗ್ಗಿ ಮುಗಿಸುವ ದೊಡ್ಡ ಡಾವುಗಳಿಗೆ, ಅಂದರೆ ಪಟ್ಟುಗಳಿಗೆ, ಒಂದು ಸಮಾನ ಗುಣವಿದೆ: ಎಲ್ಲವೂ ಮೊದಲು ಏನನ್ನಾದರೂ ಬಿಟ್ಟುಕೊಡುತ್ತವೆ. ಅಗಸ ಬಟ್ಟೆ ಎತ್ತಿ ಕಲ್ಲಿಗೆ ಒಗೆಯುವಂತೆ ಎದುರಾಳಿಯನ್ನು ಭುಜದ ಮೇಲಿಂದ ಎಸೆಯುವ ಧೋಬಿ ಪಛಾಡಿಗೆ ಹಿಡಿಯುವವನು ಪೂರ್ತಿ ತಿರುಗಿ ಬೆನ್ನು ಕೊಡಲೇಬೇಕು. ಕಲಾಜಂಗಿನಲ್ಲಿ ಮೊಣಕಾಲೂರಿ ಎದುರಾಳಿಯ ಹೊಟ್ಟೆಯ ಕೆಳಗೆ ನುಸುಳಿ ಅವನನ್ನು ಹೆಗಲಿಗೇರಿಸಿಕೊಳ್ಳಬೇಕು. ಅರೆಗಳಿಗೆ ತಡವಾದರೆ ಅವನ ಅಷ್ಟೂ ಭಾರ ಕುತ್ತಿಗೆಯ ಮೇಲೆ ಕೂರುತ್ತದೆ. ಢಾಕ್ ಹಾಕುವವನೂ ಸೊಂಟ ತಿರುಗಿಸಿ ತನ್ನ ಬೆನ್ನನ್ನು ಒಪ್ಪಿಸಿಯೇ ಹಾಕುತ್ತಾನೆ. ಡಾವು ಕೂತರೆ ಬೆನ್ನು ಕೊಟ್ಟದ್ದು ಯಾರಿಗೂ ಕಾಣುವುದಿಲ್ಲ. ತಪ್ಪಿದರೆ ಕಾಣುವುದು ಅದೊಂದೇ.

ಈ ಲೇಖಕ ಅದನ್ನು ಕಲಿತದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಒಂದು ಜಾತ್ರೆಯ ಕಣದಲ್ಲಿ. ಜೋಡಿ ಕಟ್ಟಿದವನು ತೂಕದಲ್ಲಿ ಸಮ, ವಯಸ್ಸಿನಲ್ಲಿ ಆರೇಳು ವರ್ಷ ಹಿರಿಯ. ಗರಡಿಮನೆಯಲ್ಲಿ ಧೋಬಿ ಪಛಾಡಿನಿಂದ ಗೆಳೆಯರನ್ನು ದಿನಾ ಎತ್ತಿ ಒಗೆದ ಹುಮ್ಮಸ್ಸಿತ್ತು. ಸಲಾಮಿಯಾದ ಮೇಲೆ ಮೂರನೆಯ ಹಿಡಿತಕ್ಕೇ ತಿರುಗಿದ್ದಾಯಿತು. ಹಿರಿಯ ಪೈಲವಾನ ಎಳೆದಾಡಲಿಲ್ಲ, ಹೆದರಲೂ ಇಲ್ಲ. ಸೊಂಟವನ್ನು ತಗ್ಗಿಸಿ, ಕಲ್ಲಿನಂತೆ ಭಾರ ಬಿಟ್ಟು ನಿಂತ. ಎತ್ತಬೇಕಾದ ಮೈ ಏಳಲಿಲ್ಲ. ಅಷ್ಟರಲ್ಲಿ ಅವನ ಎರಡು ಕೈ ಹಿಂದಿನಿಂದ ನಡು ಸುತ್ತಿದ್ದವು. ಒಂದು ನಿಮಿಷ ತುಂಬುವ ಮೊದಲೇ ಬೆನ್ನಿಗೆ ಮಣ್ಣು ಹತ್ತಿತು. ಎರಡು ವಾರ ಕುತ್ತಿಗೆ ಎಡಕ್ಕೆ ತಿರುಗಲಿಲ್ಲ. ವಸ್ತಾದರು ಬೈಯಲಿಲ್ಲ. ಮಣ್ಣು ಕೊಡವುತ್ತ ಕೇಳಿದ್ದು ಒಂದೇ ಮಾತು: “ಡಾವ ತಪ್ಪಿದ್ರ ಎಲ್ಲಿ ಇರ್ತಿ ಅನ್ನೂದು ಮೊದಲ ನೋಡಿದ್ದೇನಪಾ?”

ನುಗ್ಗಿದ್ದಷ್ಟೇ ಸಾಲದೆಂಬುದಕ್ಕೆ ಕುಸ್ತಿಯ ಚರಿತ್ರೆಯಲ್ಲಿ ಒಂದು ದೊಡ್ಡ ಉದಾಹರಣೆ ಇದೆ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮಾ ಪೈಲವಾನ ಪೋಲೆಂಡಿನ ಝ್ಬಿಷ್ಕೊನನ್ನು ಆರಂಭದಲ್ಲೇ ಕೆಡವಿದ. ಕೆಡವಿದ್ದೇ ತಡ, ಝ್ಬಿಷ್ಕೊ ಹೊಟ್ಟೆ ಅಡಿಯಾಗಿ ಮ್ಯಾಟಿಗೆ ಅಂಟಿಕೊಂಡ. ಸುಮಾರು ಎರಡೂವರೆ ಗಂಟೆ ಹೆಣಗಿದರೂ ಗಾಮಾನಿಗೆ ಅವನನ್ನು ಮಗುಚಲಾಗಲಿಲ್ಲ, ಕುಸ್ತಿ ಸಮ ಆಯಿತು. 1928ರ ಜನವರಿಯಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಗಾಮಾ ಗೆದ್ದದ್ದು ಒಂದು ನಿಮಿಷದೊಳಗೆ. ಗಾಮಾನ ಬಲ ಆ ಹದಿನೇಳು ವರ್ಷಗಳಲ್ಲಿ ಹೆಚ್ಚಿರಲಿಲ್ಲ, ಇಬ್ಬರಿಗೂ ಐವತ್ತು ಸಮೀಪಿಸಿತ್ತು. ಎರಡನೆಯ ಸಲ ಎದುರಾಳಿ ಮಲಗುವ ಮೊದಲೇ ಸಿಕ್ಕ. ನುಗ್ಗುವವನ ಗೆಲುವಿನಲ್ಲಿ ಅರ್ಧ ಪಾಲು ಎದುರಾಳಿ ಕೊಡುವ ಅವಕಾಶದ್ದು.

ಮಿಶ್ರ ಸಮರ ಕಲೆಯ ಪಂಜರದಲ್ಲೂ ಇದೇ ಲೆಕ್ಕ, ಬೆಲೆ ಮಾತ್ರ ಹೆಚ್ಚು. 2019ರ ಜುಲೈನಲ್ಲಿ ಯುಎಫ್‌ಸಿಯಲ್ಲಿ ಒಳ್ಳೆಯ ಕುಸ್ತಿಪಟು ಬೆನ್ ಆಸ್ಕ್ರನ್ ಕಾಲು ಹಿಡಿಯಲು ತಲೆ ತಗ್ಗಿಸಿದ. ಗಂಟೆ ಹೊಡೆದೊಡನೆ ಓಡಿಬಂದಿದ್ದ ಹೊರ್ಹೆ ಮಾಸ್ವಿಡಾಲ್ ಹಾರಿ ಮಂಡಿಯಿಂದ ಹೊಡೆದ. ಪಂದ್ಯ 5 ಸೆಕೆಂಡಿಗೆ ಮುಗಿಯಿತು. ನೋಡಿದವರಿಗೆ ಅದು ಹುಚ್ಚು ಸಾಹಸ. ಆದರೆ ಆ ಓಟ, ಆ ಮಂಡಿ ಮೊದಲೇ ಅಭ್ಯಾಸ ಮಾಡಿಟ್ಟದ್ದು. ಆಸ್ಕ್ರನ್ ಕಾಲಿಗೇ ಬರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಅದೇ ಯುಎಫ್‌ಸಿಯಲ್ಲಿ ಭಾರತದ ಅಂಶುಲ್ ಜುಬ್ಲಿಯೂ 2025ರ ಫೆಬ್ರುವರಿಯಲ್ಲಿ ಸಿಡ್ನಿಯಲ್ಲಿ 19 ಸೆಕೆಂಡಿನಲ್ಲಿ ನೆಲಕ್ಕುರುಳಿದ. ಮಣ್ಣಿನ ಕಣದಲ್ಲಿ ಚಿತ್ ಆದವನು ಎದ್ದು ಮಣ್ಣು ಕೊಡವಿ ಮನೆಗೆ ನಡೆಯುತ್ತಾನೆ. ಪಂಜರದಲ್ಲಿ ಪೆಟ್ಟು ಬೀಳುವುದು ಮಿದುಳಿಗೆ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ಇವೆರಡರ ನಡುವೆ ನಿಲ್ಲುತ್ತದೆ. ಜಟ್ಟಿಯ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲಿಸುತ್ತಾರೆ. ಒಂದೇ ಪೆಟ್ಟಿನ ಕಾಳಗಕ್ಕೆ ಹಿರಿಯರು ಹಾಕಿಕೊಂಡ ಆ ಮಿತಿ ಗೌರವಕ್ಕೆ ಅರ್ಹ.

ಗರಡಿಮನೆಯಲ್ಲಿ ಈ ತಿಳಿವಳಿಕೆ ಅಭ್ಯಾಸದ ಕ್ರಮವನ್ನೇ ಬದಲಿಸುತ್ತದೆ. ಡಾವು ಹಾಕುವುದಕ್ಕಿಂತ ಮೊದಲು, ತಪ್ಪಿದ ಡಾವಿನಿಂದ ಹೊರಬರುವುದನ್ನು ಕಲಿಸಬೇಕು: ಹಿಂದೆ ಬಿದ್ದವನ ಕೈಗಂಟು ಬಿಡಿಸುವುದು, ಮೊಣಕಾಲಿಗೆ ಇಳಿದು ಹೊಟ್ಟೆ ಅಡಿಯಾಗುವುದು, ಗದ್ದವನ್ನು ಎದೆಗೆ ಒತ್ತಿ ಕುತ್ತಿಗೆ ಉಳಿಸಿಕೊಳ್ಳುವುದು. ದಂಡ, ಬೈಠಕ್‌ಗಳ ಜೊತೆ ಕುತ್ತಿಗೆಯ ಸಾಮು ದಿನವೂ ನಡೆಯಬೇಕು. ಸಾಮರ್ಥ್ಯ ಅಳೆಯಲು ದಮ್ಮು ನೋಡಬೇಕು, ಯಾಕೆಂದರೆ ಹತ್ತು ನಿಮಿಷ ಹಿಡಿಯುವ ದಮ್ಮಿಲ್ಲದವನೇ ಹೆಚ್ಚಾಗಿ ಮೊದಲ ನಿಮಿಷದಲ್ಲಿ ನುಗ್ಗುತ್ತಾನೆ. ಜನ ಅದನ್ನು ಧೈರ್ಯವೆಂದು ತಿಳಿಯುತ್ತಾರೆ. ಬಹಳ ಸಲ ಅದು ಉಸಿರು ಮುಗಿದೀತೆಂಬ ಅಂಜಿಕೆ. ದೊಡ್ಡ ಡಾವಿಗೂ ಒಂದು ಹೊತ್ತಿದೆ. ತಲೆಯನ್ನು ಪದೇ ಪದೇ ಕೆಳಕ್ಕೆ ಎಳೆದಾಗ ಎದುರಾಳಿ ಸಿಟ್ಟಿನಿಂದ ಮೇಲಕ್ಕೆ ಸೆಟೆಯುತ್ತಾನೆ. ಆ ಕ್ಷಣ ಅವನ ಸೊಂಟ ಎತ್ತರಕ್ಕೆ ಬಂದಿರುತ್ತದೆ. ಧೋಬಿ ಪಛಾಡಿಗೆ ತಿರುಗಬೇಕಾದದ್ದು ಆಗ.

ಆ ಸೋಲಿನ ಮರುವರ್ಷದ ಜಾತ್ರೆಯಲ್ಲಿ ಅದೇ ಹಿರಿಯ ಪೈಲವಾನನ ಜೊತೆ ಜೋಡಿ ಬಿತ್ತು. ಇಪ್ಪತ್ತು ನಿಮಿಷ ಹಿಡಿದರೂ ಯಾರೂ ಚಿತ್ ಆಗದ್ದರಿಂದ, ನಿಕಾಲಿಯಾದರೂ ಪಂಚರು ಕುಸ್ತಿಯನ್ನು ಸಮ ಎಂದು ಬಿಡಿಸಿದರು.