ಗುಹೆಯಲ್ಲಿ ಊಟ, ಕತ್ತಲಲ್ಲಿ ತುತ್ತು: ವಿಶೇಷ ಜಾಗದ ಹೋಟೆಲಿಗೆ ಹೊರಟವರಿಗೆ ಹನ್ನೊಂದು ಸೂತ್ರ

ಮಾಮೂಲಿ ಹೋಟೆಲಿಗೆ ಹೋಗಲು ತಯಾರಿ ಬೇಕಿಲ್ಲ. ಹೊಟ್ಟೆಯಲ್ಲಿ ಹಸಿವು, ಜೇಬಿನಲ್ಲಿ ದುಡ್ಡು ಇದ್ದರಾಯಿತು. ಸಮುದ್ರದ ನಡುವಿನ ಬಂಡೆಯ ಮೇಲೆ, ಗುಹೆಯೊಳಗೆ, ಕಗ್ಗತ್ತಲಲ್ಲಿ, ಹಳೆಯ ಅರಮನೆಯ ಹಾಲ್‌ನಲ್ಲಿ ಬಡಿಸುವ ಹೋಟೆಲುಗಳ ಲೆಕ್ಕವೇ ಬೇರೆ. ಅಲ್ಲಿ ಜಾಗಕ್ಕೇ ಒಂದು ಹೊತ್ತು, ಒಂದು ಅಡುಗೆ, ಒಂದು ಶಿಸ್ತು ಇರುತ್ತದೆ. ಅದನ್ನು ತಿಳಿದು ಹೋದರೆ ಕೊಟ್ಟ ದುಡ್ಡು ದಕ್ಕುತ್ತದೆ. ತಿಳಿಯದೆ ಹೋದವರು ನಾಲ್ಕು ಫೋಟೋ ತೆಗೆದುಕೊಂಡು, ಊಟ ಸುಮಾರಾಗಿತ್ತು ಎನ್ನುತ್ತಾ ವಾಪಸಾಗುತ್ತಾರೆ. ಅಪ್ಪ ಅಮ್ಮನ ಮದುವೆ ವಾರ್ಷಿಕೋತ್ಸವಕ್ಕೋ ಮಗಳ ಹುಟ್ಟುಹಬ್ಬಕ್ಕೋ ಹಣ ಕೂಡಿಟ್ಟು ಇಂಥ ಕಡೆ ಹೋಗುವವರಿಗೆ ಹಾಗಾಗಬಾರದು.

1. ನಿಮ್ಮ ಹೊತ್ತಲ್ಲ, ಜಾಗದ ಹೊತ್ತು ನೋಡಿ.

ಜಾಂಜಿಬಾರ್ ದ್ವೀಪದ ಪೂರ್ವ ಕರಾವಳಿಯಲ್ಲಿ ಪಿಂಗ್ವೆ ಎಂಬ ಕಡಲತೀರವಿದೆ. ದಡದಿಂದ ಸ್ವಲ್ಪವೇ ದೂರದಲ್ಲಿ, ಒಂದು ಪುಟ್ಟ ಬಂಡೆಯ ಮೇಲೆ ‘ದಿ ರಾಕ್’ ಎಂಬ ಹೋಟೆಲು. ಇಳಿತದ ಹೊತ್ತಿಗೆ ಮರಳ ಮೇಲೆ ನಡೆದೇ ಹೋಗಿ ಮೆಟ್ಟಿಲು ಹತ್ತಬಹುದು. ಉಬ್ಬರ ಬಂದರೆ ದೋಣಿಯಲ್ಲಿ ಹೋಗಬೇಕು. ಸುತ್ತ ನೀರು ತುಂಬಿದಾಗಲೇ ಆ ಜಾಗಕ್ಕೆ ಕಳೆ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಒಂದು ವಾರಕ್ಕೆ ಅದು ಹೆಚ್ಚುಕಡಿಮೆ ಆರು ಗಂಟೆ, ಅಂದರೆ ಉಬ್ಬರವಿದ್ದ ಹೊತ್ತಿನಲ್ಲಿ ಈಗ ಇಳಿತ. ಹೋದ ವಾರ ಮಧ್ಯಾಹ್ನ ಒಂದು ಗಂಟೆಗೆ ಹೋದ ಗೆಳೆಯರಿಗೆ ಸುತ್ತಲೂ ನೀಲಿ ನೀರು ಸಿಕ್ಕಿದ್ದರೆ, ಈ ವಾರ ಅದೇ ಹೊತ್ತಿಗೆ ಹೋಗುವ ನಿಮಗೆ ಒದ್ದೆ ಮರಳು ಕಾದಿರುತ್ತದೆ. ಹಾಗಾಗಿ ಮೊದಲು ಉಬ್ಬರ–ಇಳಿತದ ಪಟ್ಟಿ ನೋಡಿ, ಆಮೇಲೆ ಟೇಬಲ್ ಬುಕ್ ಮಾಡಿ.

ನಮ್ಮೂರಿನಲ್ಲೂ ಇದೇ ಲೆಕ್ಕ. ಬೆಂಗಳೂರಿನ ಯಾವುದಾದರೂ ಎತ್ತರದ ಮಹಡಿಯ ಹೋಟೆಲಿಗೆ ಸೂರ್ಯಾಸ್ತ ನೋಡಲು ಹೋಗುವುದಾದರೆ, ನವೆಂಬರ್ ಕೊನೆಯಲ್ಲಿ ಸಂಜೆ 5.50ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಜುಲೈನಲ್ಲಿ 6.50ರ ಹೊತ್ತಿಗೆ. ಏಳು ಗಂಟೆಗೆ ಬುಕ್ ಮಾಡಿದರೆ ಎರಡೂ ತಿಂಗಳಲ್ಲಿ ಸಿಗುವುದು ಬರೀ ಟ್ರಾಫಿಕ್ ದೀಪಗಳು. ಮೈಸೂರಿನ ಲಲಿತಮಹಲ್ ಅರಮನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರ್ ವೈಸ್‌ರಾಯ್ ಅತಿಥಿಗಳಿಗಾಗಿ 1921ರಲ್ಲಿ ಕಟ್ಟಿಸಿದರು. ಹಿಂದೆ ನೃತ್ಯಕೂಟ ನಡೆಯುತ್ತಿದ್ದ ಹಾಲ್‌ನಲ್ಲಿ ಊಟ ಬಡಿಸುತ್ತಾ ಬಂದಿದ್ದಾರೆ. ಅದರ ಚಾವಣಿಯಲ್ಲಿ ಬಣ್ಣದ ಗಾಜಿನ ಗುಮ್ಮಟಗಳಿವೆ. ಗಾಜು ಬೆಳಗುವುದು ಹಗಲಲ್ಲಿ, ಆದ್ದರಿಂದ ಅಲ್ಲಿಗೆ ಮಧ್ಯಾಹ್ನದ ಊಟಕ್ಕೇ ಹೋಗಬೇಕು. ಹಾಲ್ ತೆರೆದಿದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

2. ನಿಜವಾದ ಜಾಗಕ್ಕೂ ವೇಷ ಹಾಕಿದ ಜಾಗಕ್ಕೂ ವ್ಯತ್ಯಾಸ ತಿಳಿಯಿರಿ.

ಥರ್ಮಾಕೋಲ್ ಗುಹೆ, ಪ್ಲಾಸ್ಟಿಕ್ ಬಳ್ಳಿ, ಗೋಡೆಗೆ ನೇತುಹಾಕಿದ ಹೊಸ ಲಾಟೀನು: ಇವಿದ್ದ ಮಾತ್ರಕ್ಕೆ ಹೋಟೆಲು ಕೆಟ್ಟದ್ದೆಂದಲ್ಲ. ಮಕ್ಕಳಿಗೆ ಅಲ್ಲಿ ಬಹಳ ಖುಷಿ. ಆದರೆ ಅಲಂಕಾರಕ್ಕೆ ಕೊಡುವ ದುಡ್ಡು ಅಲಂಕಾರದಷ್ಟೇ ಇರಲಿ. ಮೆನು ಕೈಗೆತ್ತಿಕೊಂಡರೆ ಸುಳಿವು ಸಿಗುತ್ತದೆ. ಉತ್ತರ ಭಾರತ, ಚೈನೀಸ್, ಇಟಾಲಿಯನ್, ಕರಾವಳಿ ಎಲ್ಲವೂ ಇಪ್ಪತ್ತು ಪುಟದಲ್ಲಿ ಹರಡಿಕೊಂಡಿದ್ದರೆ ಆ ಅಡುಗೆಮನೆಗೂ ಆ ಗುಹೆಗೂ ಸಂಬಂಧವಿಲ್ಲ. ಅಂಥ ಕಡೆ ಸ್ಟಾರ್ಟರ್, ಜ್ಯೂಸ್ ತೆಗೆದುಕೊಂಡು ಕೂತು ಖುಷಿಪಟ್ಟು, ಊಟಕ್ಕೆ ಬೇರೆ ಕಡೆ ಹೋಗಿ.

ರೈಲ್ವೆ ಬೋಗಿಯ ಹೋಟೆಲುಗಳನ್ನು ನಾನು ಈ ಪಟ್ಟಿಗೆ ಸೇರಿಸುವುದಿಲ್ಲ. 2020ರಲ್ಲಿ ಆಸನ್‌ಸೋಲ್ ನಿಲ್ದಾಣದಲ್ಲಿ ಶುರುವಾದ ಈ ಪದ್ಧತಿ ಈಗ ಹುಬ್ಬಳ್ಳಿ, ಬೆಂಗಳೂರಿಗೂ ಬಂದಿದೆ. ಅಲ್ಲಿರುವುದು ಸೇವೆ ಮುಗಿಸಿದ ನಿಜವಾದ ಬೋಗಿ. ಕಿಟಕಿ ಪಕ್ಕದ ಟೇಬಲ್ಲೇ ಕೇಳಿ.

3. ಆ ಜಾಗಕ್ಕೆ ಬರುವ ಅಡುಗೆಯನ್ನೇ ಕೇಳಿ.

ಸ್ಪೇನಿನ ಲಾಂಜರೋಟೆ ದ್ವೀಪದಲ್ಲಿ 1730ರಿಂದ 1736ರವರೆಗೆ ಜ್ವಾಲಾಮುಖಿಗಳು ಸಿಡಿದವು. ನೆಲದೊಳಗಿನ ಕಾವು ಇನ್ನೂ ಆರಿಲ್ಲ. ಅಲ್ಲಿನ ತಿಮಾನ್‌ಫಾಯಾ ರಾಷ್ಟ್ರೀಯ ಉದ್ಯಾನದಲ್ಲಿ ಕಲಾವಿದ ಸೆಸಾರ್ ಮನ್ರಿಕೆ ವಿನ್ಯಾಸ ಮಾಡಿದ ‘ಎಲ್ ಡಿಯಾಬ್ಲೊ’ ಎಂಬ ಹೋಟೆಲಿದೆ. ಬಾವಿಯಂಥ ಒಂದು ಗುಂಡಿಯ ಬಾಯಿಗೆ ದೊಡ್ಡ ಜಾಲರಿ ಇಟ್ಟು, ಭೂಮಿಯ ಬಿಸಿಯಲ್ಲೇ ಕೋಳಿ, ಮಾಂಸ ಸುಡುತ್ತಾರೆ. ಅಲ್ಲಿಗೆ ಹೋಗಿ ಪಾಸ್ತಾ ಕೇಳಿದರೆ ಹೋದ ದಾರಿಗೇ ಸುಂಕವಿಲ್ಲ. ಐಸ್‌ಲ್ಯಾಂಡಿನ ಫ್ರಿದ್‌ಹೈಮರ್‌ನಲ್ಲಿ ಟೊಮೆಟೊ ಬೆಳೆಯುವ ಗಾಜಿನ ಮನೆಯೊಳಗೇ ಟೇಬಲ್ ಹಾಕಿದ್ದಾರೆ. ಹೂವಿನ ಪರಾಗಸ್ಪರ್ಶಕ್ಕೆಂದು ಬಿಟ್ಟ ದುಂಬಿಗಳು ತಲೆಯ ಮೇಲೆ ಹಾರಾಡುತ್ತಿರುತ್ತವೆ. ಅಲ್ಲಿ ಕೇಳಬೇಕಾದದ್ದು ಟೊಮೆಟೊ ಸೂಪು, ಜೊತೆಗೆ ಬ್ರೆಡ್ಡು. ಸಸ್ಯಾಹಾರಿಗಳಿಗೆ ಇದಕ್ಕಿಂತ ಒಳ್ಳೆಯ ತಾಣ ಆ ದೇಶದಲ್ಲಿ ಸಿಗುವುದು ಕಷ್ಟ.

ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ನಡೆಯುತ್ತಿದೆ. ಗೋಡೆಯ ಮೇಲೆ ಕನ್ನಡದ ಸಾಹಿತಿಗಳ, ಕಲಾವಿದರ ಚಿತ್ರಗಳು. ಪಂಚೆ ಉಟ್ಟ ಸಪ್ಲೈಯರ್ ಒಂದೇ ಕೈಯ ಮೇಲೆ ಹತ್ತಕ್ಕೂ ಹೆಚ್ಚು ದೋಸೆ ತಟ್ಟೆಗಳನ್ನು ಭುಜದವರೆಗೂ ಜೋಡಿಸಿಕೊಂಡು ಬಂದು, ಒಂದೂ ಅಲುಗದಂತೆ ಒಂದೊಂದಾಗಿ ಇಳಿಸುತ್ತಾರೆ. ಅಲ್ಲಿನ ವಾತಾವರಣ ಅಂದರೆ ಆ ಓಡಾಟ, ಆ ಗದ್ದಲ, ತುಪ್ಪದ ಆ ವಾಸನೆ. ದೋಸೆಯನ್ನು ಪಾರ್ಸೆಲ್ ಮಾಡಿಸಿಕೊಂಡು ಹೋದರೆ ಗರಿಯೂ ಹೋಯಿತು, ಜಾಗವೂ ಹೋಯಿತು. ಶುಕ್ರವಾರ ರಜೆ. ಭಾನುವಾರ ಬೆಳಗ್ಗೆ ಹೊರಗೆ ನಿಂತು ಕಾಯುವ ತಾಳ್ಮೆ ಇಲ್ಲದವರು ವಾರದ ದಿನ ಮಧ್ಯಾಹ್ನ ಹೋಗಿ.

4. ಕತ್ತಲ ಹೋಟೆಲಿಗೆ ಹೋಗುವವರು ಇದನ್ನು ಪೂರ್ತಿ ಓದಿ.

1999ರಲ್ಲಿ ಜ್ಯೂರಿಕ್‌ನಲ್ಲಿ ‘ಬ್ಲಿಂಡೆಕೂ’ ಶುರುವಾಯಿತು, 2004ರಲ್ಲಿ ಪ್ಯಾರಿಸ್‌ನಲ್ಲಿ ‘ದಾಂ ಲೆ ನ್ವಾರ್’. ಊಟದ ಕೋಣೆಯಲ್ಲಿ ಬೆಳಕಿನ ಎಳೆಯೂ ಇಲ್ಲ. ಬಡಿಸುವವರು ದೃಷ್ಟಿಯಿಲ್ಲದವರು ಅಥವಾ ದೃಷ್ಟಿ ಬಹಳ ಕಡಿಮೆ ಇರುವವರು. ಅಲ್ಲಿ ದಾರಿ ತಿಳಿದವರು ಅವರು, ತಡಕಾಡುವವರು ನಾವು. ಈ ಅದಲುಬದಲಿಗಾಗಿಯೇ ಅಲ್ಲಿಗೆ ಹೋಗಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮೊಬೈಲು, ಹೊಳೆಯುವ ವಾಚು ಎಲ್ಲ ಹೊರಗಿನ ಲಾಕರಿನಲ್ಲಿಡಬೇಕು. ಶೌಚಾಲಯಕ್ಕೆ ಮೊದಲೇ ಹೋಗಿಬನ್ನಿ. ಯಾವ ಪದಾರ್ಥ ನಿಮಗೆ ಆಗದು, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಎಂಬುದನ್ನು ಬೆಳಕಿರುವಾಗಲೇ ಸ್ಪಷ್ಟವಾಗಿ ಹೇಳಿ, ಏಕೆಂದರೆ ಒಳಗೆ ತಟ್ಟೆಯಲ್ಲಿ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಮುಂದಿನವರ ಭುಜದ ಮೇಲೆ ಕೈಯಿಟ್ಟು, ಮಕ್ಕಳ ರೈಲಾಟದ ಹಾಗೆ ಸಾಲಾಗಿ ಒಳಗೆ ಹೋಗುತ್ತೀರಿ. ಕುಳಿತ ಕೂಡಲೇ ಆತುರ ಬೇಡ. ಅಂಗೈ ಮೇಜಿನ ಮೇಲೆ ಮೆಲ್ಲಗೆ ಸರಿಸುತ್ತಾ ಲೋಟ ಎಲ್ಲಿ, ತಟ್ಟೆಯ ಅಂಚು ಎಲ್ಲಿ ಎಂದು ಗುರುತು ಮಾಡಿಕೊಳ್ಳಿ. ತಟ್ಟೆಯನ್ನು ಗಡಿಯಾರ ಎಂದುಕೊಂಡರೆ ಮಾತಾಡುವುದು ಸುಲಭ: ಪಲ್ಯ ಮೂರು ಗಂಟೆ ಕಡೆ, ಅನ್ನ ಆರು ಗಂಟೆ ಕಡೆ. ನೀರು ಬಗ್ಗಿಸುವಾಗ ತೋರುಬೆರಳನ್ನು ಲೋಟದ ಅಂಚಿನಿಂದ ಒಳಕ್ಕೆ ಬಾಗಿಸಿ ಹಿಡಿಯಿರಿ. ಬೆರಳ ತುದಿಗೆ ತಣ್ಣಗೆ ತಾಗಿದಾಗ ನಿಲ್ಲಿಸಿ. ಫೋರ್ಕಿನ ಗೊಡವೆ ಬಿಟ್ಟು ಕೈಯಲ್ಲೇ ಉಣ್ಣಿ. ಬೆರಳಿಂದ ಬಿಸಿ, ಮೆದು, ಗಟ್ಟಿ ತಿಳಿಯುವ ನಮ್ಮ ಅಭ್ಯಾಸ ಅಲ್ಲಿ ದೊಡ್ಡ ಅನುಕೂಲ. ಬಿಳಿ ಬಟ್ಟೆ ಹಾಕಿಕೊಂಡು ಹೋಗಬೇಡಿ. ಉಸಿರು ಕಟ್ಟಿದಂತಾದರೆ ಸಂಕೋಚ ಬೇಡ, ಬಡಿಸುವವರ ಹೆಸರು ಹಿಡಿದು ಕರೆದರೆ ಅವರೇ ಬಂದು ಹೊರಗೆ ಕರೆದೊಯ್ಯುತ್ತಾರೆ.

5. ಬಡಿಸುವವರ ಭಾಷೆ ಕಲಿತು ಹೋಗಿ.

2015ರಲ್ಲಿ ಮುಂಬೈಯ ಪೊವಾಯಿಯಲ್ಲಿ ಶುರುವಾದ ‘ಮಿರ್ಚಿ ಆ್ಯಂಡ್ ಮೈಮ್’ನಲ್ಲಿ ಬಡಿಸುವವರು ಕಿವಿ ಕೇಳಿಸದವರು. ಮೆನುವಿನಲ್ಲಿ ಪ್ರತಿ ತಿಂಡಿಯ ಪಕ್ಕ ಅದನ್ನು ಕೇಳಲು ಮಾಡಬೇಕಾದ ಕೈಸನ್ನೆಯ ಚಿತ್ರ. ಇಂಥ ಕಡೆ ಪಕ್ಕದಲ್ಲಿರುವ ಮ್ಯಾನೇಜರನ್ನು ಕರೆದು ಬಾಯಲ್ಲಿ ಹೇಳುವವರೂ ಇದ್ದಾರೆ. ಅದು ಬಡಿಸುವವರನ್ನು ಬದಿಗೆ ತಳ್ಳಿದಂತೆ. ಮುಖ ನೋಡಿ, ಸನ್ನೆ ಮಾಡಿ. ‘ಥ್ಯಾಂಕ್ಸ್’ ಎನ್ನುವ ಸನ್ನೆಯೊಂದನ್ನಾದರೂ ಮನೆಯಲ್ಲೇ ಮಕ್ಕಳಿಗೆ ಕಲಿಸಿ.

6. ಗದ್ದಲದ ಜಾಗದಲ್ಲಿ ಸಿಹಿಯ ಮೇಲೆ ಹೆಚ್ಚು ಭರವಸೆ ಬೇಡ.

ಇದು ಬರೀ ಮಾತಲ್ಲ. ವಿಮಾನದೊಳಗಿನಂಥ ಜೋರು ಸದ್ದಿನಲ್ಲಿ ನಾಲಿಗೆಗೆ ಸಿಹಿ ಮಂಕಾಗುತ್ತದೆ, ಟೊಮೆಟೊ, ಅಣಬೆ, ಚೀಸ್‌ಗಳಲ್ಲಿರುವ ಉಮಾಮಿ ರುಚಿ ಹೆಚ್ಚಾಗುತ್ತದೆ ಎಂದು ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ಸಂಗೀತ ಅಬ್ಬರಿಸುವ ಹೋಟೆಲಿನಲ್ಲಿ ಅಣಬೆಯ ಖಾದ್ಯ ಗೆಲ್ಲುತ್ತದೆ, ಹದವಾದ ಪಾಯಸ ಸಪ್ಪೆಯೆನಿಸುತ್ತದೆ. ಸದ್ದನ್ನೇ ಅಡುಗೆಯ ಭಾಗ ಮಾಡಿಕೊಂಡವರೂ ಇದ್ದಾರೆ. ಇಂಗ್ಲೆಂಡಿನ ‘ಫ್ಯಾಟ್ ಡಕ್’ ಹೋಟೆಲಿನಲ್ಲಿ ಬಾಣಸಿಗ ಹೆಸ್ಟನ್ ಬ್ಲೂಮೆಂಥಾಲ್ ಸಮುದ್ರದ ಖಾದ್ಯದ ಜೊತೆ ಒಂದು ಶಂಖ ಕೊಡುತ್ತಿದ್ದರು. ಒಳಗಿಟ್ಟ ಐಪಾಡಿನಿಂದ ಅಲೆಗಳ ಸದ್ದು ಕೇಳುತ್ತಾ ತಿನ್ನಬೇಕಿತ್ತು.

7. ಸಮುದ್ರದಡಿಯ ಊಟ ಮಧ್ಯಾಹ್ನಕ್ಕಿರಲಿ.

ಮಾಲ್ಡೀವ್ಸ್‌ನ ರಂಗಾಲಿ ದ್ವೀಪದ ‘ಇಥಾ’ 2005ರಲ್ಲಿ ತೆರೆಯಿತು. ಸಮುದ್ರಮಟ್ಟದಿಂದ ಐದು ಮೀಟರ್ ಕೆಳಗೆ, ಕಮಾನಿನಂಥ ಪಾರದರ್ಶಕ ಅಕ್ರಿಲಿಕ್ ಚಾವಣಿಯ ಅಡಿಯಲ್ಲಿ 14 ಜನಕ್ಕೆ ಮಾತ್ರ ಜಾಗ. ನೆತ್ತಿಯ ಮೇಲೆ ಬಿಸಿಲಿದ್ದಾಗಲೇ ನೀರು ಬೆಳಗುವುದು, ಮೀನಿನ ಬಣ್ಣ ಕಾಣುವುದು. ಇಂಥ ಕಡೆ ಮೆನು ಮೊದಲೇ ನಿಗದಿಯಾಗಿರುತ್ತದೆ. ಸಸ್ಯಾಹಾರಿಗಳು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಬುಕ್ ಮಾಡುವಾಗಲೇ ಬರೆದು ತಿಳಿಸಬೇಕು. ‘ವೆಜ್’ ಎಂದಷ್ಟೇ ಬರೆದರೆ ಸಾಲದು, ಮೀನಿನ ಸಾರ ಹಾಕಿದ ಸೂಪನ್ನೂ ಕೆಲವರು ವೆಜ್ ಎಂದುಕೊಳ್ಳುತ್ತಾರೆ. ಏನೇನು ತಿನ್ನುವುದಿಲ್ಲ ಎಂದು ಒಂದೊಂದಾಗಿ ಬರೆಯಿರಿ.

8. ಊಟದ ಜಾಗ ಬೇರೆಯವರಿಗೆ ಪೂಜ್ಯ ಜಾಗವೂ ಆಗಿರಬಹುದು.

ಅಹಮದಾಬಾದಿನ ಲಾಲ್ ದರ್ವಾಜಾದಲ್ಲಿ ‘ನ್ಯೂ ಲಕ್ಕಿ’ ಹೋಟೆಲಿದೆ. ಹಳೆಯ ಮುಸ್ಲಿಂ ಸ್ಮಶಾನದ ಮೇಲೆ ಎದ್ದ ಹೋಟೆಲು ಅದು. ಸಮಾಧಿಗಳನ್ನು ಕೀಳಲಿಲ್ಲ. ಸುತ್ತ ಕಬ್ಬಿಣದ ಕಂಬಿ ಹಾಕಿ, ಅವುಗಳ ನಡುವೆಯೇ ಟೇಬಲ್ ಜೋಡಿಸಿದರು. ಬೆಳಗ್ಗೆ ಸಮಾಧಿಗಳನ್ನು ಒರೆಸಿ ಹೂವಿಡುತ್ತಾರೆ, ಆಮೇಲೆ ಚಹಾ, ಮಸ್ಕಾ ಬನ್ನಿನ ವ್ಯಾಪಾರ. ಕಲಾವಿದ ಎಂ.ಎಫ್. ಹುಸೇನ್ ಇಲ್ಲಿಗೆ ಚಹಾಕ್ಕೆ ಬರುತ್ತಿದ್ದರು, ಅವರು ಕೊಟ್ಟ ಚಿತ್ರ ಗೋಡೆಯ ಮೇಲಿದೆ. ಕಂಬಿಗೆ ಬ್ಯಾಗು ನೇತುಹಾಕಬೇಡಿ, ಕಾಲು ಚಾಚಬೇಡಿ, ಸಮಾಧಿಗೆ ಒರಗಿ ಸೆಲ್ಫಿ ಬೇಡ. ಪಕ್ಕದ ಟೇಬಲ್ಲಿನಲ್ಲಿ ಪ್ರತಿದಿನ ಬರುವ ಹಿರಿಯರೊಬ್ಬರು ಪೇಪರು ಓದುತ್ತಿರುತ್ತಾರೆ. ಅವರು ಹೇಗೆ ಕೂತಿದ್ದಾರೋ ನೀವೂ ಹಾಗೆ ಕೂತರೆ ಸಾಕು.

9. ಮನೆಯ ಹಿರಿಯರ ಮಂಡಿ ನೆನಪಿರಲಿ.

ಅದೇ ಅಹಮದಾಬಾದಿನ ‘ವಿಶಾಲಾ’ವನ್ನು 1978ರಲ್ಲಿ ಸುರೇಂದ್ರ ಪಟೇಲ್ ಕಟ್ಟಿದರು. ಲಾಟೀನಿನ ಬೆಳಕು, ಮಣ್ಣಿನ ಗೋಡೆ, ನೆಲದಲ್ಲಿ ಕೂತು ಊಟ. ಆವರಣದಲ್ಲೇ ‘ವೇಚಾರ್’ ಎಂಬ ಪಾತ್ರೆಗಳ ಸಂಗ್ರಹಾಲಯವಿದೆ. ಹಿತ್ತಾಳೆ, ತಾಮ್ರ, ಕಂಚಿನ ಸಾವಿರಾರು ಪಾತ್ರೆಗಳು. ನಮ್ಮ ಅಜ್ಜಿಯಂದಿರು ಒಂದೊಂದನ್ನೂ ಗುರುತು ಹಿಡಿದು ಕಥೆ ಹೇಳುತ್ತಾ ನಿಲ್ಲುವಂಥ ಜಾಗ. ಆದರೆ ಅವರಿಗೆ ನೆಲದಲ್ಲಿ ಕೂರಲು ಆಗುವುದಿಲ್ಲ. ಇಂಥ ಕಡೆ ಕುರ್ಚಿ ಕೊಡುತ್ತಾರೆಯೇ, ಮೆಟ್ಟಿಲು ಎಷ್ಟು, ಕೈಹಿಡಿ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ಅಜ್ಜಿಯನ್ನು ಬಾಗಿಲವರೆಗೆ ಕರೆದೊಯ್ದು ಅಲ್ಲೇ ಕೂರಿಸುವುದು ಸರಿಯಲ್ಲ. ಸಕ್ಕರೆ ಕಾಯಿಲೆಯವರಿದ್ದರೆ ಊಟಕ್ಕೆ ಮುಂಚಿನ ಬೊಂಬೆಯಾಟ, ಹಾಡು ಮುಗಿಯುವವರೆಗೆ ಹಸಿದು ಕೂರದಂತೆ ಚೂರು ತಿಂಡಿ ಜೊತೆಗಿರಲಿ.

10. ತಾರೀಖು ಮಾತ್ರವಲ್ಲ, ಟೇಬಲ್ಲನ್ನೂ ಬುಕ್ ಮಾಡಿ.

ಇಟಲಿಯ ಪೊಲಿನ್ಯಾನೊ ಆ ಮಾರೆ ಊರಿನ ‘ಗ್ರೊಟ್ಟಾ ಪಲಾಜ್ಜೇಸೆ’ ಸಮುದ್ರಕ್ಕೆ ಬಾಯ್ದೆರೆದ ಸುಣ್ಣಕಲ್ಲಿನ ಗುಹೆಯೊಳಗಿದೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಅಂಚಿನ ಟೇಬಲ್ಲಿಗೂ ಒಳಗಿನ ಟೇಬಲ್ಲಿಗೂ ಅಜಗಜಾಂತರ. ಬೆಂಗಳೂರಿನ ತೆರೆದ ಮಹಡಿಗಳಲ್ಲೂ ಹಾಗೆಯೇ. ‘ಗೋಡೆ ಪಕ್ಕದ್ದೋ ಅಂಚಿನದ್ದೋ, ಮಳೆ ಬಂದರೆ ಒಳಗೆ ಟೇಬಲ್ ಸಿಗುತ್ತದೆಯೇ’ ಎಂದು ಕೇಳಿ ಹೆಸರು ಬರೆಸಿ. ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್, ಅಕ್ಟೋಬರ್ ಸಂಜೆಗಳಲ್ಲಿ ಈ ಎರಡನೇ ಪ್ರಶ್ನೆಯೇ ಮುಖ್ಯ. ಗಾಳಿಗೆ ತಂದೂರಿ ರೊಟ್ಟಿ ಐದು ನಿಮಿಷಕ್ಕೆ ತೊಗಲಾಗುತ್ತದೆ, ಒಂದೊಂದಾಗಿ ತರಿಸಿಕೊಳ್ಳಿ. ಫೋಟೋ ಏನಿದ್ದರೂ ಊಟ ಬರುವ ಮೊದಲೇ ಮುಗಿಸಿಬಿಡಿ.

11. ಬಿಲ್ಲನ್ನು ಓದಿ.

ಇಂಥ ಹೋಟೆಲುಗಳು ಎಷ್ಟೋ ದೊಡ್ಡ ತಾರಾ ಹೋಟೆಲುಗಳ ಒಳಗೆ ಇರುತ್ತವೆ. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚಿರುವ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇ. 18, ಹೊರಗಿನ ಮಾಮೂಲಿ ರೆಸ್ಟೋರೆಂಟಿನಲ್ಲಿ ಶೇ. 5. ನಾಲ್ಕು ಜನರ ಊಟ 8,000 ರೂಪಾಯಿ ಆದರೆ ತೆರಿಗೆಯಲ್ಲೇ 1,040 ರೂಪಾಯಿ ವ್ಯತ್ಯಾಸ. ಮೆನು ದರ ನೋಡಿ ಬಜೆಟ್ ಹಾಕುವಾಗ ಇದನ್ನು ಸೇರಿಸಿಕೊಳ್ಳಿ. ಸರ್ವಿಸ್ ಚಾರ್ಜ್ ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯಲು ಹೇಳಿ, ದನಿ ಏರಿಸುವ ಅಗತ್ಯವಿಲ್ಲ. ಹಾಗೆ ಉಳಿದ ಹಣವನ್ನು ಬಡಿಸಿದವರ ಕೈಗೇ ನಗದಾಗಿ ಕೊಡಿ. ಗಲ್ಲಾದ ಪಕ್ಕ ಟಿಪ್ಸ್ ಡಬ್ಬಿ ಇದ್ದರೆ, ಪಾತ್ರೆ ತೊಳೆಯುವವರಿಗೂ ಅದರಲ್ಲಿ ಪಾಲಿದೆಯೇ ಎಂದು ಕೇಳಿ ಹಾಕಿ.