ಹೆಚ್ಚು ವೇಗಕ್ಕೆ ಎಷ್ಟು ಉಷ್ಣ? ಹತ್ತನೇ ತರಗತಿಯಲ್ಲಿ ಓವರ್‌ಕ್ಲಾಕಿಂಗ್ ಬಳಸಿದ ಒಂದು ಪಾಠ

ಹತ್ತನೇ ತರಗತಿಯಲ್ಲಿ 'ವಿದ್ಯುತ್ ಪ್ರವಾಹದ ಉಷ್ಣೋತ್ಪನ್ನ ಪರಿಣಾಮ' ಬೋಧಿಸುವಾಗ ನಾವೆಲ್ಲ ಕೊಡುವ ಉದಾಹರಣೆಗಳು ಹೆಚ್ಚುಕಡಿಮೆ ಒಂದೇ: ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಬಲ್ಬು, ಫ್ಯೂಸ್. ಇವುಗಳಲ್ಲೆಲ್ಲ ಉಷ್ಣ ನಮಗೆ ಬೇಕಾದದ್ದು. ಬೇಡದಿದ್ದರೂ ಬಂದೇ ಬರುವ ಉಷ್ಣದ ಬಗ್ಗೆ ಪಠ್ಯದಲ್ಲಿ ಒಂದೆರಡು ವಾಕ್ಯಗಳಷ್ಟೇ ಇವೆ. ಆದರೆ ಮಕ್ಕಳ ಕೈಯಲ್ಲಿರುವ ಮೊಬೈಲು ಬಿಸಿಯಾಗುವುದು, ಲ್ಯಾಪ್‌ಟಾಪಿನ ಫ್ಯಾನು ಕೂಗುವುದು ಈ ಎರಡನೆಯ ಬಗೆಗೆ ಸೇರಿದ್ದು. ತುಮಕೂರಿನ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸಕ್ಕೆ ಇದ್ದಾಗ ಈ ಒಂದೆರಡು ವಾಕ್ಯಗಳನ್ನೇ ಮೂರು ಅವಧಿಯ ಪಾಠವಾಗಿ ಬೆಳೆಸಿದೆ. ಬಿ.ಎಸ್ಸಿ. ಓದುವಾಗ ಅಣ್ಣನ ಜೊತೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಬಿಡಿಭಾಗಗಳನ್ನು ಕೊಂಡು ಜೋಡಿಸಿದ್ದ ನನ್ನ ಡೆಸ್ಕ್‌ಟಾಪ್ ಕಂಪ್ಯೂಟರೇ ಬೋಧನೋಪಕರಣ.

ಪಾಠಯೋಜನೆ ನೋಡಿದ ಮಾರ್ಗದರ್ಶಿ ಉಪನ್ಯಾಸಕರು ಕೇಳಿದ್ದು ಒಂದೇ ಪ್ರಶ್ನೆ: "ಮೂರು ಅವಧಿ ಇದಕ್ಕೇ ಹೋದರೆ ಲೆಕ್ಕ ಬಿಡಿಸೋದು ಯಾವಾಗ?" ನ್ಯಾಯವಾದ ಪ್ರಶ್ನೆ. ಮಕ್ಕಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ ಇದೆ. ಹಾಗಾಗಿ ಈ ಘಟಕದ ಲೆಕ್ಕಗಳೆಲ್ಲ ಕಂಪ್ಯೂಟರಿನಿಂದಲೇ ಹುಟ್ಟಬೇಕು, ಬೇರೆ ಸಮಯ ಕೇಳಬಾರದು ಎಂಬ ಷರತ್ತನ್ನು ನನಗೆ ನಾನೇ ಹಾಕಿಕೊಂಡೆ.

ಓವರ್‌ಕ್ಲಾಕಿಂಗ್ ಎಂದರೇನು ಎಂಬುದನ್ನು ಮೊದಲು ಹೇಳಬೇಕು. ಪ್ರೊಸೆಸರ್ ಒಂದು ಗಡಿಯಾರದ ತಾಳಕ್ಕೆ ಕೆಲಸ ಮಾಡುತ್ತದೆ. ನನ್ನಲ್ಲಿರುವುದು 2011ರಲ್ಲಿ ಬಂದ ಇಂಟೆಲ್ ಕೋರ್ ಐ5-2500ಕೆ. ಇದರ ಮೂಲ ತಾಳ 100 ಮೆಗಾಹರ್ಟ್ಸ್, ಅದರ ಮೇಲೆ 33 ಎಂಬ ಗುಣಕ, ಒಟ್ಟು 3.3 ಗಿಗಾಹರ್ಟ್ಸ್. ಹೆಸರಿನ ಕೊನೆಯ 'ಕೆ' ಎಂದರೆ ಆ ಗುಣಕವನ್ನು ನಾವು ಬದಲಿಸಬಹುದು ಎಂದರ್ಥ. ಅದಕ್ಕೆ ಅವಕಾಶ ಕೊಡುವ ಮದರ್‌ಬೋರ್ಡ್ ಇದ್ದರೆ ಸಾಕು. ತಯಾರಕರು ಗೊತ್ತುಮಾಡಿದ್ದಕ್ಕಿಂತ ಹೆಚ್ಚಿನ ತಾಳಕ್ಕೆ ಏರಿಸುವುದೇ ಓವರ್‌ಕ್ಲಾಕಿಂಗ್. ಹಿಂದೆ ಗುಣಕಕ್ಕೆ ಬೀಗ ಬಿದ್ದಿದ್ದಾಗ ಜನ ಮೂಲ ತಾಳವನ್ನೇ ಏರಿಸುತ್ತಿದ್ದರು. 1998ರ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ 66 ಮೆಗಾಹರ್ಟ್ಸ್ ತಾಳ, 4.5 ಗುಣಕದಲ್ಲಿ 300 ಮೆಗಾಹರ್ಟ್ಸ್ ಕೊಡುತ್ತಿತ್ತು. ತಾಳವನ್ನು 100ಕ್ಕೆ ಏರಿಸಿದರೆ 450. ಬಹಳ ಜನ ಹಾಗೇ ಓಡಿಸಿದರು. ಈ ಗುಣಾಕಾರವನ್ನು ಹಲಗೆಯ ಮೇಲೆ ಬರೆದಾಗ ಹಿಂದಿನ ಸಾಲಿನಿಂದ ಮಾತು ಬಂತು: "ಹಂಗಾದ್ರೆ ಕಂಪನಿಯವರೇ ಯಾಕೆ ಜಾಸ್ತಿ ಇಟ್ಟು ಕೊಡಲ್ಲ ಮಿಸ್? ಪುಕ್ಕಟೆ ಅಲ್ವಾ?" ಪುಕ್ಕಟೆಯೇ ಅಲ್ಲವೇ ಎಂಬುದೇ ಪಾಠದ ಪ್ರಶ್ನೆಯಾಯಿತು.

ಮೊದಲ ಅವಧಿ ಜೋಡಣೆಗೆ. ಸ್ಕ್ರೂಡ್ರೈವರ್ ಯಾರ ಕೈಗೆ ಎಂಬುದನ್ನು ಚೀಟಿ ಎತ್ತಿ ಮೊದಲೇ ನಿರ್ಧರಿಸಿದ್ದೆ. ಕಂಪ್ಯೂಟರ್ ಬಿಚ್ಚಿದ ಕೂಡಲೇ ನಾಲ್ಕು ಹುಡುಗರು ಮೇಜಿಗೆ ಅಂಟಿಕೊಂಡು, ಹುಡುಗಿಯರು ಅವರ ಬೆನ್ನು ನೋಡುತ್ತ ನಿಲ್ಲುವುದನ್ನು ಎಲ್ಲ ಪ್ರಯೋಗಾಲಯಗಳಲ್ಲೂ ಕಂಡಿದ್ದೇನೆ. ಪವರ್ ಕಾರ್ಡ್ ಕಿತ್ತಿಟ್ಟ ಮೇಲಷ್ಟೇ ಕೈ ಹಾಕುವುದು, ಪವರ್ ಸಪ್ಲೈ ಡಬ್ಬಿಯನ್ನು ಯಾವ ಕಾರಣಕ್ಕೂ ತೆರೆಯದಿರುವುದು, ಮೈಯ ಸ್ಥಾಯಿ ವಿದ್ಯುತ್ತು ಇಳಿಯಲು ಮೊದಲು ಲೋಹದ ಚೌಕಟ್ಟು ಮುಟ್ಟುವುದು ಎಂಬ ಮೂರು ನಿಯಮಗಳು. ಪ್ರೊಸೆಸರನ್ನು ಮಾತ್ರ ನಾನೇ ಕೂರಿಸಿದೆ, ಏಕೆಂದರೆ ಸಾಕೆಟ್ಟಿನ ಸೂಜಿಗಳು ಒಮ್ಮೆ ಬಾಗಿದರೆ ಮದರ್‌ಬೋರ್ಡ್ ಹೋದಂತೆಯೇ. ರ‍್ಯಾಮ್, ಹಾರ್ಡ್ ಡಿಸ್ಕ್, ತಂತಿಗಳು, ಮೇಲಿನ ಹೀಟ್‌ಸಿಂಕ್ ಎಲ್ಲ ಮಕ್ಕಳ ಕೈಯಿಂದಲೇ.

ಪ್ರೊಸೆಸರಿಗೆ ವಿದ್ಯುತ್ ತರುವ ತಂತಿಯ ಮುಂದೆ ನಿಂತು ಮೊದಲ ಲೆಕ್ಕ. ಈ ಪ್ರೊಸೆಸರಿಗೆ ತಯಾರಕರು ಕೊಟ್ಟ ಅಂಕಿ 95 ವ್ಯಾಟ್. ತಂಪುಗೊಳಿಸುವ ವ್ಯವಸ್ಥೆ ಎಷ್ಟು ಉಷ್ಣಕ್ಕೆ ಸಿದ್ಧವಿರಬೇಕು ಎಂದು ಹೇಳುವ ಅಂಕಿ ಅದು. ಸಾಮರ್ಥ್ಯ ಎಂದರೆ ವಿಭವಾಂತರ ಗುಣಿಸು ವಿದ್ಯುತ್ ಪ್ರವಾಹ ಎಂಬುದು ಮಕ್ಕಳಿಗೆ ಗೊತ್ತು. ಗೋಡೆಯ ಸಾಕೆಟ್ಟಿನ 230 ವೋಲ್ಟಿನಲ್ಲಿ 95 ವ್ಯಾಟಿಗೆ ಸುಮಾರು 0.4 ಆಂಪೇರ್. ಪವರ್ ಸಪ್ಲೈ ಕೊಡುವ 12 ವೋಲ್ಟಿನಲ್ಲಿ ಸುಮಾರು 8 ಆಂಪೇರ್. ಪ್ರೊಸೆಸರಿನ ಒಳಗೆ 1.2 ವೋಲ್ಟಿನಲ್ಲಿ? ಭಾಗಿಸಿದವರು ಉತ್ತರವನ್ನು ನಂಬದೆ ಮತ್ತೆ ಭಾಗಿಸಿದರು: 79 ಆಂಪೇರ್. ಮನೆಯ ದೊಡ್ಡ ಸಾಕೆಟ್ಟಿನ ಮೇಲೆ ಬರೆದಿರುವುದು 15 ಅಥವಾ 16. ಹಾಗಾದರೆ 12 ವೋಲ್ಟನ್ನು 1.2ಕ್ಕೆ ಇಳಿಸುವ ಭಾಗಗಳು ಪ್ರೊಸೆಸರಿಗೆ ಒತ್ತಿಕೊಂಡೇ ಯಾಕಿವೆ ಎಂದು ಕೇಳಿದೆ. ಪ್ರವಾಹದ ವರ್ಗ ಗುಣಿಸು ರೋಧ ಎಂಬ ನಷ್ಟದ ಸೂತ್ರ ಅವರ ಬಾಯಿಂದಲೇ ಬಂತು. ಶರಾವತಿಯ ವಿದ್ಯುತ್ತು ದೂರದ ಊರಿಗೆ ಎತ್ತರದ ವೋಲ್ಟೇಜಿನಲ್ಲಿ ಬಂದು ಊರ ಹತ್ತಿರ ಇಳಿಯುವುದಕ್ಕೂ ಮದರ್‌ಬೋರ್ಡಿನ ಈ ಏರ್ಪಾಡಿಗೂ ಕಾರಣ ಒಂದೇ.

ಎರಡನೇ ಲೆಕ್ಕ ಇಸ್ತ್ರಿ ಪೆಟ್ಟಿಗೆಯದು. ಒಬ್ಬಳು ಮನೆಯಿಂದ ತಂದ 1000 ವ್ಯಾಟಿನ ಪೆಟ್ಟಿಗೆಯ ತಳವನ್ನು ಗ್ರಾಫ್ ಹಾಳೆಯ ಮೇಲಿಟ್ಟು ಗೆರೆ ಎಳೆದು ಚೌಕ ಎಣಿಸಿದರು: 160 ಚದರ ಸೆಂಟಿಮೀಟರ್. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 6 ವ್ಯಾಟಿನಷ್ಟು. ಪ್ರೊಸೆಸರಿನ ಒಳಗಿರುವ ಸಿಲಿಕಾನ್ ತುಣುಕು 216 ಚದರ ಮಿಲಿಮೀಟರ್. 95 ವ್ಯಾಟನ್ನು ಅದಕ್ಕೆ ಹಂಚಿದರೆ ಪ್ರತಿ ಚದರ ಸೆಂಟಿಮೀಟರಿಗೆ 44 ವ್ಯಾಟ್, ಇಸ್ತ್ರಿ ಪೆಟ್ಟಿಗೆಯ ಏಳು ಪಟ್ಟು. ಹಾಗಿದ್ದೂ ಅದು ಯಾಕೆ ಸುಟ್ಟುಹೋಗುವುದಿಲ್ಲ? ಹೀಟ್‌ಸಿಂಕಿನ ಅಲ್ಯೂಮಿನಿಯಂ ಹಾಳೆಗಳನ್ನು ಎಣಿಸಿದರು: 40 ಹಾಳೆ, ಒಂದೊಂದೂ 12 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, ಎರಡು ಮುಖ. ಒಟ್ಟು 4800 ಚದರ ಸೆಂಟಿಮೀಟರ್, ಸಿಲಿಕಾನ್ ತುಣುಕಿನ ಎರಡು ಸಾವಿರ ಪಟ್ಟಿಗಿಂತ ಹೆಚ್ಚು. "ಬುಲೆಟ್ ಗಾಡಿ ಇಂಜಿನ್ನಿಗೂ ಹಿಂಗೇ ಪಟ್ಟಿ ಇರ್ತವೆ" ಎಂದ ಒಬ್ಬ. ನಡುವೆ ಹಚ್ಚುವ ಪೇಸ್ಟಿನ ಬಗ್ಗೆ ಹೆಚ್ಚು ಹೇಳಬೇಕಾಗಲಿಲ್ಲ. ನುಣುಪಾಗಿ ಕಾಣುವ ಎರಡು ಲೋಹಗಳ ನಡುವೆಯೂ ಗಾಳಿ ಉಳಿಯುತ್ತದೆ, ಗಾಳಿ ಅವಾಹಕ ಎಂದರೆ ಸಾಕಾಯಿತು.

ಪಾಠದ ತಿರುಳು ಎರಡು ಮತ್ತು ಮೂರನೆಯ ಅವಧಿಗಳಲ್ಲಿ. ಅವೆರಡನ್ನೂ ಬೆಳಗಿನ ಜೋಡಿ ಅವಧಿಯಾಗಿ ಕೇಳಿ ಪಡೆದಿದ್ದೆ; ಮಧ್ಯಾಹ್ನದ ಮೇಲೆ ಕರೆಂಟನ್ನು ನಂಬುವಂತಿಲ್ಲ. ಬೆಲೆಬಾಳುವ ಮಾಪಕವೇನೂ ಇರಲಿಲ್ಲ. ಬಾಡಿಗೆ ಮನೆಗಳಿಗೆ ಹಾಕುವಂಥ ಒಂದು ಡಿಜಿಟಲ್ ಸಬ್‌ಮೀಟರನ್ನು ಎಲೆಕ್ಟ್ರಿಷಿಯನ್ ಒಬ್ಬರಿಂದ ಹಲಗೆಗೆ ಕೂರಿಸಿ, ಅದರ ಮೂಲಕ ಕಂಪ್ಯೂಟರಿಗೆ ವಿದ್ಯುತ್ ಕೊಟ್ಟೆ. ಇಂಥ ಮೀಟರಿನಲ್ಲಿ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ. ನಮ್ಮದರ ಮೇಲೆ, ಒಂದು ಕಿಲೋವ್ಯಾಟ್ ಗಂಟೆಗೆ 3200 ಮಿಣುಕು ಎಂದು ಬರೆದಿತ್ತು. ಒಂದು ಯೂನಿಟ್ ಅಂದರೆ 36 ಲಕ್ಷ ಜೌಲ್. ಹಾಗಾಗಿ ಒಂದು ಮಿಣುಕಿಗೆ 1125 ಜೌಲ್. ಯೂನಿಟ್ ಮತ್ತು ಜೌಲ್ ನಡುವಿನ ಈ ಪರಿವರ್ತನೆಯಲ್ಲಿ ಮಕ್ಕಳು ಪ್ರತಿವರ್ಷ ಅಂಕ ಕಳೆದುಕೊಳ್ಳುತ್ತಾರೆ ಎಂದು ವಿಷಯ ಶಿಕ್ಷಕರು ಹೇಳಿದ್ದರು. ದೀಪ ಮಿಣುಕಿದಾಗಲೆಲ್ಲ "ಸಾವಿರದ ನೂರಿಪ್ಪತ್ತೈದು" ಎಂದು ಕೂಗಿದ ತರಗತಿಗೆ ಅದನ್ನು ಬೇರೆ ಕಲಿಸಬೇಕಾಗಲಿಲ್ಲ.

ಪ್ರೊಸೆಸರ್ ತಾನಾಗಿ ವೇಗ ಏರಿಸಿಕೊಳ್ಳುವ ಟರ್ಬೋ ಸೌಲಭ್ಯವನ್ನು ಆರಿಸಿ, ವೋಲ್ಟೇಜನ್ನು ನಾವೇ ನಿಗದಿ ಮಾಡಿ, ಪ್ರತಿ ಸಲವೂ ಐದು ನಿಮಿಷ ಎಣಿಸಿದೆವು. ಕೆಲಸವಿಲ್ಲದೆ ಸುಮ್ಮನಿದ್ದಾಗ 12 ಮಿಣುಕು. 1.20 ವೋಲ್ಟ್, 3.3 ಗಿಗಾಹರ್ಟ್ಸಿನಲ್ಲಿ ಪೂರ್ತಿ ದುಡಿಸಿದಾಗ 32. ಅದೇ 1.20 ವೋಲ್ಟಿನಲ್ಲಿ ಗುಣಕವನ್ನು 16ಕ್ಕೆ ಇಳಿಸಿ 1.6 ಗಿಗಾಹರ್ಟ್ಸಿನಲ್ಲಿ ದುಡಿಸಿದಾಗ 22. ಈ ಇಳಿಸಿದ ಓಟವನ್ನು ಯಾರೂ ಬಿಡಬಾರದು ಎಂದು ನನ್ನ ಅಭಿಪ್ರಾಯ. ಮಕ್ಕಳು ಆಗಲೇ 'ವಿಭವಾಂತರದ ವರ್ಗ ಭಾಗಿಸು ರೋಧ' ಎಂಬ ಸೂತ್ರ ಹಿಡಿದು ಕುಳಿತಿದ್ದರು. ಪ್ರೊಸೆಸರ್ ಬರೀ ರೋಧಕವಾಗಿದ್ದರೆ, ವಿಭವಾಂತರ ಬದಲಾಗದಿದ್ದಾಗ ಮಿಣುಕೂ ಬದಲಾಗಬಾರದಿತ್ತು. ಆದರೆ ಸುಮ್ಮನಿದ್ದಾಗಿನ 12ನ್ನು ಕಳೆದರೆ, ವೇಗ ಅರ್ಧಕ್ಕಿಳಿದಾಗ ಹೆಚ್ಚುವರಿ ಮಿಣುಕೂ 20ರಿಂದ 10ಕ್ಕೆ ಇಳಿದಿದೆ. ಸೂತ್ರದಲ್ಲಿ ತಾಳಕ್ಕೂ ಜಾಗ ಇರಲೇಬೇಕು.

ಧಾರಕದ ಪಾಠ ಹತ್ತನೇ ತರಗತಿಯಲ್ಲಿ ಇಲ್ಲ. ಅದಕ್ಕೆ ನೀರಿನ ಡ್ರಮ್ ಬಳಸಿದೆ. ಪ್ರೊಸೆಸರಿನಲ್ಲಿ ಕೋಟಿಗಟ್ಟಲೆ ಪುಟ್ಟ ಡ್ರಮ್‌ಗಳಿವೆ, ಪ್ರತಿ ತಾಳಕ್ಕೂ ಅವುಗಳಲ್ಲಿ ಹಲವು ತುಂಬುತ್ತವೆ, ಹಲವು ಬರಿದಾಗುತ್ತವೆ ಎಂದುಕೊಳ್ಳಿ. ನೆಲದ ನೀರನ್ನು ಎತ್ತಿ ನೆಟ್ಟನೆಯ ಡ್ರಮ್ಮಿಗೆ ಸುರಿಯಬೇಕು. ಮಟ್ಟ ಎರಡರಷ್ಟಾದರೆ ನೀರು ಎರಡರಷ್ಟು ಬೇಕು, ಎತ್ತಬೇಕಾದ ಸರಾಸರಿ ಎತ್ತರವೂ ಎರಡರಷ್ಟು, ಕೆಲಸ ನಾಲ್ಕರಷ್ಟು. ಒಂಬತ್ತನೇ ತರಗತಿಯ ಪ್ರಚ್ಛನ್ನ ಶಕ್ತಿಯ ಸೂತ್ರ ಇಷ್ಟಕ್ಕೆ ಸಾಕು. ನೀರಿನ ಮಟ್ಟವೇ ವೋಲ್ಟೇಜ್. ಸೆಕೆಂಡಿಗೆ ಎಷ್ಟು ಸಲ ತುಂಬಿ ಚೆಲ್ಲುತ್ತೀರಿ ಎಂಬುದೇ ಆವೃತ್ತಿ. ಆದ್ದರಿಂದ ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೂ ಆವೃತ್ತಿಗೂ ನೇರ ಅನುಪಾತದಲ್ಲಿ ಇರುತ್ತದೆ. ಬೇಗ ತುಂಬಬೇಕಾದರೆ ಧಾರೆ ದಪ್ಪಗಿರಬೇಕು, ಅದಕ್ಕೆ ಒತ್ತಡ ಹೆಚ್ಚಬೇಕು. ಹಾಗೆಯೇ ತಾಳ ಒಂದು ಮಿತಿ ದಾಟಿದ ಮೇಲೆ ವೋಲ್ಟೇಜನ್ನೂ ಏರಿಸದಿದ್ದರೆ ಕಂಪ್ಯೂಟರ್ ಕೆಲಸದ ನಡುವೆಯೇ ನಿಂತುಬಿಡುತ್ತದೆ.

ಇನ್ನು ಓವರ್‌ಕ್ಲಾಕ್. ಗುಣಕ 44, ಅಂದರೆ 4.4 ಗಿಗಾಹರ್ಟ್ಸ್, ವೋಲ್ಟೇಜ್ 1.32. ಸ್ವಿಚ್ ಹಾಕುವ ಮೊದಲೇ ಉತ್ತರ ಊಹಿಸಿ ಟಿಪ್ಪಣಿ ಪುಸ್ತಕದಲ್ಲಿ ಬರೆಯಬೇಕು ಎಂದಿದ್ದೆ. ಆವೃತ್ತಿ ಮೂರನೇ ಒಂದರಷ್ಟು ಹೆಚ್ಚಿದೆ, ವೋಲ್ಟೇಜ್ ಹತ್ತನೇ ಒಂದರಷ್ಟು. 1.33 ಗುಣಿಸು 1.1ರ ವರ್ಗ, ಸುಮಾರು 1.61. ಕೊಠಡಿಯ ತಾಪ 29 ಡಿಗ್ರಿ ಇದ್ದಾಗ ಪ್ರೊಸೆಸರ್ 57 ಡಿಗ್ರಿ ತೋರಿಸಿತ್ತು, 28 ಡಿಗ್ರಿ ಏರಿಕೆ. ಅದೂ 1.61 ಪಟ್ಟಾದರೆ 45 ಡಿಗ್ರಿ ಏರಿ 74ಕ್ಕೆ ಮುಟ್ಟಬೇಕು. ಓಡಿಸಿದಾಗ 76 ತೋರಿಸಿತು. ತರಗತಿ ಚಪ್ಪಾಳೆ ತಟ್ಟಿದ್ದು ಇಲ್ಲೊಂದೇ ಕಡೆ. 100 ಡಿಗ್ರಿಯ ಸಮೀಪಕ್ಕೆ ಹೋದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ ಎಂಬುದನ್ನೂ ಹೇಳಿದೆ.

ಮಿಣುಕು 46. ಸುಮ್ಮನಿದ್ದಾಗಿನದನ್ನು ಕಳೆದರೆ 34, 20ರ 1.7 ಪಟ್ಟು. ಊಹೆ 1.61, ಬಂದದ್ದು 1.7. ಬಿಸಿ ಹೆಚ್ಚಿದಂತೆ ಸೋರಿಕೆಯ ಪ್ರವಾಹವೂ ಹೆಚ್ಚುತ್ತದೆ ಎಂಬ ವಿವರಣೆ ನನ್ನ ಪಾಠಯೋಜನೆಯಲ್ಲಿ ಸಿದ್ಧವಿತ್ತು. ಅಷ್ಟರಲ್ಲಿ ಎಣಿಕೆಯ ಗುಂಪಿನ ಹುಡುಗ ಎದ್ದು, "ಮಿಸ್, ಒಂದು ಮಿಣುಕು ಆ ಕಡೆ ಈ ಕಡೆ ಆಗಿದ್ರೆ?" ಎಂದ. ಹಲಗೆಯ ಮೇಲೇ ನೋಡಿದೆವು. 33ನ್ನು 21ರಿಂದ ಭಾಗಿಸಿದರೆ 1.57, 35ನ್ನು 19ರಿಂದ ಭಾಗಿಸಿದರೆ 1.84. ನಮ್ಮ ಊಹೆ ಆ ವ್ಯಾಪ್ತಿಯ ಒಳಗೇ ಇದೆ. ಸೋರಿಕೆ ಇರುವುದು ನಿಜ, ಆದರೆ ಈ ಎಣಿಕೆಯಿಂದ ಅದನ್ನು ತೋರಿಸಲಾಗದು ಎಂದು ಬರೆದು ಮುಂದೆ ಹೋದೆವು. ಸಹಪಾಠಿ ವೀಕ್ಷಕಿ ತನ್ನ ಟಿಪ್ಪಣಿಯಲ್ಲಿ ಎರಡು ಗೆರೆ ಎಳೆದದ್ದು ಈ ಐದು ನಿಮಿಷದ ಕೆಳಗೆ.

ಇನ್ನೊಂದು ಪ್ರಶ್ನೆ ಮನೆಯಲ್ಲಿ ಬೋರ್‌ವೆಲ್ ಮೋಟಾರ್ ನೋಡಿಕೊಳ್ಳುವ ಹುಡುಗಿಯದು. "ಜೋರಾಗಿ ಓಡಿದ್ರೆ ಕೆಲಸ ಬೇಗ ಮುಗಿಯುತ್ತಲ್ಲ ಮಿಸ್, ಆಗ ಯೂನಿಟ್ ಕಮ್ಮಿ ಬರಬೇಕಲ್ವಾ?" ಇಂಥ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಹೇಳಿಬಿಡುವುದು ಸುಲಭ. ಅದರ ಬದಲು ಒಂದೇ ಫೋಲ್ಡರನ್ನು ಎರಡೂ ವೇಗದಲ್ಲಿ ಕಂಪ್ರೆಸ್ ಮಾಡಿಸಿ ಕಾಲ ಅಳೆದೆವು: 120 ಸೆಕೆಂಡ್ ಮತ್ತು 92 ಸೆಕೆಂಡ್. ಮಿಣುಕಿನಿಂದ ವ್ಯಾಟಿಗೆ ಹೋದರೆ ಇಡೀ ಕಂಪ್ಯೂಟರಿನ ಬಳಕೆ 120 ಮತ್ತು 172.5 ವ್ಯಾಟ್. ಗುಣಿಸಿದರೆ 14,400 ಮತ್ತು 15,870 ಜೌಲ್. ಸಮಯ ಉಳಿದಿದೆ, ಶಕ್ತಿ ಉಳಿದಿಲ್ಲ. ಸುಮಾರು ಹತ್ತು ಪ್ರತಿಶತ ಹೆಚ್ಚೇ ಹೋಗಿದೆ. ಆದರೂ ಅವಳ ಮಾತಿನಲ್ಲಿ ಅರ್ಧ ನಿಜವಿತ್ತು. ಸುಮ್ಮನಿದ್ದಾಗಲೂ ಖರ್ಚಾಗುವ 45 ವ್ಯಾಟ್, 28 ಸೆಕೆಂಡ್ ಮೊದಲೇ ನಿಂತಿದ್ದರಿಂದ 1260 ಜೌಲ್ ಉಳಿಯಿತು. ದುಡಿಮೆಯ ಪಾಲು ಮಾತ್ರ 9,000ದಿಂದ 11,730ಕ್ಕೆ ಏರಿ ಆ ಉಳಿತಾಯವನ್ನು ನುಂಗಿತು. ಅವಳೇ ಹಲಗೆಗೆ ಬಂದು ಈ ಕಳೆಯುವಿಕೆ ಮಾಡಿದಳು. ಮಾರ್ಗದರ್ಶಿಗಳು ಕೇಳಿದ್ದ ಲೆಕ್ಕಗಳ ಪೈಕಿ ಕೊನೆಯದೂ ಅಲ್ಲಿಗೆ ಮುಗಿಯಿತು.

ಉಳಿದ ಹತ್ತು ನಿಮಿಷದಲ್ಲಿ ಕಂಪನಿಯವರ ಪ್ರಶ್ನೆಗೆ ಮರಳಿದೆವು. ಇಂಟೆಲ್ ಪೆಂಟಿಯಂ 4ನ್ನು 3.8 ಗಿಗಾಹರ್ಟ್ಸಿನವರೆಗೆ ತಂದು, 4 ಗಿಗಾಹರ್ಟ್ಸಿನ ಯೋಜನೆಯನ್ನು 2004ರಲ್ಲಿ ಕೈಬಿಟ್ಟಿತು. ಮರುವರ್ಷ ಒಂದೇ ಪೊಟ್ಟಣದಲ್ಲಿ ಎರಡು ಕೋರ್‌ಗಳಿರುವ ಪ್ರೊಸೆಸರುಗಳನ್ನು ಮಾರುಕಟ್ಟೆಗೆ ತಂದಿತು. ಮೊಬೈಲಿನ ಪೆಟ್ಟಿಗೆಯ ಮೇಲೆ 'ಎಂಟು ಕೋರ್' ಎಂದು ಯಾಕೆ ಬರೆದಿರುತ್ತದೆ ಎಂಬುದನ್ನು ನಮ್ಮ ಸೂತ್ರದಿಂದ ವಿವರಿಸಿ ಎಂದು ಮನೆಗೆಲಸ ಕೊಟ್ಟೆ. ನಿಧಾನದ ಎರಡು ಎತ್ತು ಕಟ್ಟಿದರೆ ಓಡಿಸುವ ಒಂದು ಎತ್ತಿಗಿಂತ ಮೇವು ಕಡಿಮೆ ಎಂದು ಬರೆದ ಉತ್ತರಕ್ಕೆ ಪೂರ್ತಿ ಅಂಕ ಕೊಟ್ಟೆ. ವೋಲ್ಟೇಜಿನ ವರ್ಗವನ್ನು ಹೆಸರಿಸದಿದ್ದರೆ ಕೊಡುತ್ತಿರಲಿಲ್ಲ, ಅವನು ಹೆಸರಿಸಿದ್ದ.

ಇಂಥ ಕಂಪ್ಯೂಟರ್ ಇಲ್ಲದ ಪ್ರಶಿಕ್ಷಣಾರ್ಥಿಗಳೂ ಮೀಟರಿನ ಭಾಗವನ್ನು ಮಾಡಬಹುದು. ಫ್ಯಾನಿನ ರೆಗ್ಯುಲೇಟರ್ ಅಥವಾ ಲ್ಯಾಪ್‌ಟಾಪಿನ ಬ್ಯಾಟರಿ ಉಳಿತಾಯದ ಸ್ಥಿತಿ ಸಾಕು. ಆದರೆ ಲ್ಯಾಪ್‌ಟಾಪಿನ ಬ್ಯಾಟರಿ ಪೂರ್ತಿ ತುಂಬಿರಬೇಕು, ಇಲ್ಲವಾದರೆ ಚಾರ್ಜಿಂಗಿನ ಲೆಕ್ಕವೂ ಸೇರಿಬಿಡುತ್ತದೆ. ಬಳಕೆ ಕಡಿಮೆಯಿದ್ದಷ್ಟೂ ಹೆಚ್ಚು ಹೊತ್ತು ಎಣಿಸಬೇಕು. ಮೀಟರಿನ ಮೇಲೆ ಬರೆದ ಅಂಕಿಯನ್ನು ಮೊದಲು ಓದಿಕೊಳ್ಳಿ. ಎಲ್ಲ ಮೀಟರಿಗೂ 3200 ಇರುವುದಿಲ್ಲ, 1600 ಇದ್ದರೆ ಒಂದು ಮಿಣುಕಿಗೆ 2250 ಜೌಲ್. ನಮ್ಮ ಹಲಗೆಯನ್ನು ಕಾಲೇಜಿನ ಭೌತವಿಜ್ಞಾನ ಬೋಧನೋಪಕರಣಗಳ ಬೀರುವಿನಲ್ಲಿ ಇಟ್ಟಿದ್ದೇನೆ. ಪಿನ್ನಿನ ಅರ್ಥಿಂಗ್ ತಂತಿಯನ್ನು ಒಮ್ಮೆ ಪರೀಕ್ಷಿಸಿಕೊಂಡು ಬಳಸಿ.