ಚಳಿಗೆ ನಡುಗುವ ಇಂಜಿನ್: ಅಳಿಯನಿಗೆ ಕಿವಿಮಾತು

ಅಳಿಯಾ, ಮೂಡಿಗೆರೆಯಲ್ಲಿ ಡಿಸೆಂಬರ್ ಬಂತೆಂದರೆ ಪೆಟ್ರೋಲ್ ಗಾಡಿಗಳದ್ದು ಒಂದೇ ದೂರು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಸ್ಟೇರಿಂಗ್ ಹಿಡಿದ ಕೈ ಜುಮ್ಮೆನ್ನುವಷ್ಟು ಅದುರುತ್ತದೆ, ಹ್ಯಾಂಡ್‌ಪೋಸ್ಟ್ ದಾಟುವ ಹೊತ್ತಿಗೆ ಸರಿಹೋಗುತ್ತದೆ. ಗ್ಯಾರೇಜಿಗೆ ಹೋದಾಗ ರೋಗವೇ ಕಾಣದು. ಆಮೇಲೆ ಅಂದಾಜಿನ ಮೇಲೆ ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ದುಡ್ಡು ಕರಗುತ್ತದೆ. ನಿನ್ನದು ಮೂರು ಸಿಲಿಂಡರಿನ ಗಾಡಿ. ಒಂದು ಮಿಸ್ ಹೊಡೆದರೂ ಮೂರನೇ ಒಂದು ಪಾಲು ಬಲ ಹೋಯಿತು. ಅದಕ್ಕೇ ಅಷ್ಟು ಕುಲುಕಾಟ.

• ಗಾಡಿಯನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ನಿಲ್ಲಿಸಿ ಬಾ. ‘ಬೆಳಿಗ್ಗೆ ನಾನು ಬರುವವರೆಗೆ ಕೀ ಹಾಕಬೇಡಿ’ ಎಂದು ಖಡಾಖಂಡಿತವಾಗಿ ಹೇಳು. ಈ ರೋಗ ಬದುಕಿರುವುದು ಮೊದಲ ಐದು ನಿಮಿಷ. ಪತ್ತೆಯೂ ಅಷ್ಟರಲ್ಲೇ ಆಗಬೇಕು.

• ಸಹಜ ಯಾವುದೆಂದು ಮೊದಲು ತಿಳಿದುಕೋ. ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೆ ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಪೆಟ್ರೋಲನ್ನು ಜಾಸ್ತಿ ಬಿಟ್ಟು, ಆರ್‌ಪಿಎಂ ಅನ್ನು 1200ರಿಂದ 1500ರವರೆಗೂ ಏರಿಸಿ, ಬಿಸಿಯಾದಂತೆಲ್ಲ 800-900ಕ್ಕೆ ಇಳಿಸುತ್ತದೆ. ಏರಿದರೆ ಗಾಬರಿ ಬೇಡ. ಏರದೆ 600ಕ್ಕೆ ಕುಸಿದು ತೂಗಾಡಿದರೆ ಮಾತ್ರ ಹುಡುಕಬೇಕು.

• ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಎತ್ತು. ನಮ್ಮ ಕಡೆ ಮೊದಲ ಗುಮಾನಿ ಇಲಿಯ ಮೇಲೆ. ಬೆಚ್ಚಗಿರುವ ಇಂಜಿನ್ ಮೇಲೆ ಹುಲ್ಲು, ಬಟ್ಟೆ ಚೂರು ತಂದು ಗೂಡು ಕಟ್ಟಿ, ಸೆನ್ಸರಿನ ವೈರನ್ನೋ ರಬ್ಬರ್ ಪೈಪನ್ನೋ ಕಡಿದಿರುತ್ತದೆ. ಟಾರ್ಚ್ ಹಾಕಿ ನೋಡು, ಖರ್ಚಿಲ್ಲ.

• ಆಮೇಲೆ ಕೀ ಆನ್ ಮಾಡು, ಸ್ಟಾರ್ಟ್ ಮಾಡಬೇಡ. ಸ್ಕ್ಯಾನರ್ ಚುಚ್ಚಿ ಎರಡು ಅಂಕಿ ಓದು: ಕೂಲಂಟಿನ ತಾಪ, ಒಳಗೆ ಹೋಗುವ ಗಾಳಿಯ ತಾಪ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಗಾಳಿ 14 ಡಿಗ್ರಿ, ಕೂಲಂಟ್ 45 ಎಂದು ಬಂದರೆ ಕಳ್ಳ ಸಿಕ್ಕಿದ ಹಾಗೆಯೇ. ಕೂಲಂಟಿನ ತಾಪ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿದೆ. ಇಂಜಿನ್ ಬೆಚ್ಚಗಿದೆಯೆಂದು ನಂಬಿದ ಇಸಿಯು ಪೆಟ್ರೋಲ್ ಕಮ್ಮಿ ಬಿಡುತ್ತಿದೆ. ಸೆನ್ಸರ್ ಬಿಚ್ಚುವ ಮುಂಚೆ ಅದರ ಸಾಕೆಟ್‌ನಲ್ಲಿ ಹಸಿರು ಕಿಲುಬು ಹಿಡಿದಿದೆಯೇ ನೋಡು. ಎಷ್ಟೋ ಸಲ ಅದನ್ನು ಉಜ್ಜಿ ತೆಗೆದರೆ ಮುಗಿಯಿತು. ಇಷ್ಟು ಸುಲಭದ ಪರೀಕ್ಷೆಯನ್ನು ಬಿಟ್ಟು ಜನ ಇಂಜೆಕ್ಟರ್ ಬಿಚ್ಚಿಸುತ್ತಾರಲ್ಲ, ಅದು ನನಗೆ ಬೇಜಾರು.

• ಅಂಕಿ ಸರಿಯಿದ್ದರೆ ಸ್ಟಾರ್ಟ್ ಮಾಡಿ ಕಿವಿಗೊಡು. ‘ಸ್ಸ್’ ಎಂದು ಗಾಳಿ ಎಳೆಯುವ ಸದ್ದು ಬರುತ್ತದೆಯೇ? ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಪೈಪು, ಕ್ರ್ಯಾಂಕ್‌ಕೇಸಿನ ಹೊಗೆ ಎಳೆಯುವ ಪಿಸಿವಿ ಪೈಪು, ಇವುಗಳ ತುದಿಗಳೇ ಮೊದಲು ಸೀಳುವುದು. ಹಳೆಯ ರಬ್ಬರ್ ಚಳಿಗೆ ಬಿರುಸಾಗಿ ಸಂದು ಬಿಡುತ್ತದೆ, ಬಿಸಿಗೆ ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ. ಜೊತೆಗೆ ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ಬಿಸಿಯಾಗುವ ತನಕ ಕೆಲಸ ಮಾಡದು. ಅಲ್ಲಿಯವರೆಗೆ ಹೆಚ್ಚಾದ ಗಾಳಿಗೆ ತಕ್ಕಂತೆ ಪೆಟ್ರೋಲ್ ಸರಿಮಾಡುವವರಿಲ್ಲ. ಅನುಮಾನ ಬಂದ ಜಾಗಕ್ಕೆ ಸೋಪು ನೀರು ಚಿಮುಕಿಸು, ಇಗ್ನಿಷನ್ ಕಾಯಿಲ್ ಮತ್ತು ವೈರಿಗೆ ತಾಗದ ಹಾಗೆ. ಇಂಜಿನ್ ಸದ್ದು ಬದಲಾದರೆ ತೂತು ಅಲ್ಲೇ. ಕೆಲವರು ಕಾರ್ಬೊರೇಟರ್ ಕ್ಲೀನರ್ ಹೊಡೆಯುತ್ತಾರೆ. ಬೆಂಕಿ ಹತ್ತುವ ವಸ್ತು, ನೀನು ಅದಕ್ಕೆ ಕೈ ಹಾಕಬೇಡ.

• ಸ್ಕ್ಯಾನರಿನಲ್ಲಿ ಮಿಸ್ ಹೊಡೆತದ ಕೋಡ್ ಬಂದಿದ್ದರೆ, ಉದಾಹರಣೆಗೆ ಪಿ0301, ಅದು ಒಂದನೇ ಸಿಲಿಂಡರ್. ಪ್ಲಗ್ ಮೇಲೇ ಕಾಯಿಲ್ ಕೂತಿರುವ ಗಾಡಿಯಲ್ಲಿ ಇಂಜಿನ್ ಆಫ್ ಮಾಡಿ ಒಂದನೇ ಕಾಯಿಲನ್ನು ಎರಡಕ್ಕೆ, ಎರಡರದ್ದನ್ನು ಒಂದಕ್ಕೆ ಹಾಕು. ಮರುದಿನ ಪಿ0302 ಬಂದರೆ ಕಾಯಿಲ್ ಕೆಟ್ಟಿದೆ. ಪಿ0301 ಅಲ್ಲೇ ಉಳಿದರೆ ಪ್ಲಗ್ ಬಿಚ್ಚು. ತುದಿ ಮಸಿಯಾಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗೆ ಸುಟ್ಟಿದ್ದರೆ ಗಾಳಿ ಜಾಸ್ತಿ, ಜಿಡ್ಡಾಗಿದ್ದರೆ ಆಯಿಲ್ ಮೇಲೆ ಬರುತ್ತಿದೆ. ಪ್ಲಗ್ ಸಂದು ಎಷ್ಟಿರಬೇಕೆಂಬುದು ಗಾಡಿಯ ಪುಸ್ತಕದಲ್ಲಿದೆ.

• ಥ್ರಾಟಲ್ ಬಾಡಿಯಲ್ಲಿ ಕಪ್ಪು ಅಂಟು ಕಟ್ಟಿದ್ದರೆ ಅದಕ್ಕೆಂದೇ ಸಿಗುವ ಕ್ಲೀನರಿನಿಂದ ಒರೆಸು. ಮೋಟರಿನಿಂದ ತೆರೆಯುವ ಥ್ರಾಟಲ್ ಆದರೆ ಬೆರಳಿಂದ ಒತ್ತಬೇಡ.

• ಹಿಂದಿನ ಮಾಲೀಕರು ಥರ್ಮೋಸ್ಟಾಟ್ ತೆಗೆಸಿದ್ದಾರಾ ಕೇಳು. ಓವರ್‌ಹೀಟ್ ಆಯಿತೆಂದು ಅದನ್ನೇ ಕಿತ್ತು ಹಾಕುವ ಕೆಟ್ಟ ಅಭ್ಯಾಸವಿದೆ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಬೇಗ ಬಿಸಿಯಾಗದು. ನಡುಕವೂ ಪೆಟ್ರೋಲ್ ಖರ್ಚೂ ಮುಂದುವರಿಯುತ್ತವೆ. ಹೊಸದು ಹಾಕಿಸು.

• ಇದೊಂದನ್ನು ಮುಂದೂಡಬೇಡ: ಮೊದಲ ಅರ್ಧ ನಿಮಿಷ ಅದುರಾಟ, ಬಿಳಿ ಹೊಗೆಯಲ್ಲಿ ಸಿಹಿ ವಾಸನೆ, ಕೂಲಂಟ್ ಡಬ್ಬಿಯಲ್ಲಿ ದಿನದಿನಕ್ಕೆ ಮಟ್ಟ ಇಳಿಕೆ. ಮೂರೂ ಸೇರಿದರೆ ಹೆಡ್ ಗ್ಯಾಸ್ಕೆಟ್ ಸೋರಿ ರಾತ್ರಿ ಸಿಲಿಂಡರಿಗೆ ಕೂಲಂಟ್ ಇಳಿಯುತ್ತಿರಬಹುದು. ಪರೀಕ್ಷೆ ಮಾಡಿಸುವ ತನಕ ಗಾಡಿ ಓಡಿಸಬೇಡ, ಘಾಟಿಗಂತೂ ಇಳಿಸಲೇಬೇಡ.

• ಆರ್‌ಪಿಎಂ ಅಲುಗದೆ ಸೀಟು ಮಾತ್ರ ಅದುರಿದರೆ ಇಂಜಿನ್ ಮೌಂಟಿಂಗ್ ರಬ್ಬರ್ ನೋಡಿಸು.

• ಈ ಪರೀಕ್ಷೆಗಳನ್ನೆಲ್ಲ ಬಯಲಲ್ಲಿ ಮಾಡು. ಬಾಗಿಲು ಹಾಕಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಪ್ರಾಣ ಹೋಗುತ್ತದೆ. ಕೆಲಸ ಮುಗಿದ ಮೇಲೂ ಗಾಡಿಯನ್ನು ಇನ್ನೊಂದು ರಾತ್ರಿ ಹೊರಗೆ ಮಂಜಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ನೀನೇ ಸ್ಟಾರ್ಟ್ ಮಾಡಿ ನೋಡಿ, ಆಮೇಲೆ ಮೆಕ್ಯಾನಿಕ್‌ಗೆ ಪೂರ್ತಿ ದುಡ್ಡು ಕೊಡು.